ಐಸಕ್ಕನ ಬೆಚ್ಚನೆಯ ಕೈ

ಐಸಕ್ಕನ ಕೈ ಸದಾ ತಣ್ಣಗಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಅದನ್ನು ನಾಚಿಕೆ ಎಂದುಕೊಂಡ. ಎಷ್ಟು ದಿನವಾದರೂ ನಾಚಿಕೆ ಕರಗದ್ದನ್ನು ಕಂಡು, ರಕ್ತ ಕಡಿಮೆ ಇರಬೇಕೆಂದು ಟಾನಿಕ್ ತಂದುಕೊಟ್ಟ. ಕೊನೆಗೆ, ಅವಳು ಮನೆಯಲ್ಲೇ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಅವಳ ಕೆಲಸದ ಜಾಗಕ್ಕೆ ಹೋದಾಗ ಗುಟ್ಟು ರಟ್ಟಾಯಿತು. ನಡುಬೇಸಿಗೆಯಲ್ಲಿ ಸ್ವೆಟರ್ ತೊಟ್ಟು, ಮಫ್ಲರ್ ಸುತ್ತಿಕೊಂಡ ಹೆಂಡತಿ ಆಳೆತ್ತರದ ಫ್ರಿಜ್ಜಿನ ಬಾಗಿಲಿನಂಥ ಬಾಗಿಲು ತಳ್ಳಿಕೊಂಡು ಒಳಗಿನಿಂದ ಹೊರಗೆ ಬಂದಳು.

'ಎಲ್ಲರೂ ತರಕಾರಿ ಒಳಗಿಡ್ತಾರೆ. ಇವರು ನಿನ್ನ ಯಾಕೇ ಇಟ್ಟಿದಾರೆ?' ಎಂದ ಅವನು.

'ಕೆಡಬಾರದು ಅಂತ. ನಾನಲ್ಲ, ನನ್ನ ಕೈಯಲ್ಲಿರೋದು.'

ಅದು ಪ್ರಯೋಗಾಲಯದ ಕೋಲ್ಡ್ ರೂಮು. ಜೀವಕೋಶದೊಳಗಿನ ಪ್ರೋಟೀನುಗಳನ್ನು ಹೊರಗೆ ತೆಗೆದು ಬೇರ್ಪಡಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಪ್ರೋಟೀನುಗಳು ಮದುವೆಮನೆಗೆ ಬಂದ ಬೀಗರಂತೆ. ಸ್ವಲ್ಪ ಬಿಸಿ ತಟ್ಟಿದರೂ ಕೆಡುತ್ತವೆ. ಐಸಕ್ಕ ಅಲ್ಲಿ ಟೆಕ್ನಿಷಿಯನ್. ಇಪ್ಪತ್ತು ದಾಟಿದಾಗ ಸೇರಿದವಳಿಗೆ ಈಗ ಕೂದಲು ನೆರೆತಿತ್ತು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕ ಬರೆಯುವವರಿಗೆ ಮಾತ್ರ ನೆನಪು. ಹೊಸದಾಗಿ ಬಂದ ಹುಡುಗ ಹುಡುಗಿಯರು ಟ್ಯೂಬನ್ನು ಬೆರಳ ನಡುವೆ ಹಿಡಿದು, ಸಿನಿಮಾ ವಿಷಯ ಮಾತಾಡುತ್ತ ಕಾರಿಡಾರಿನಲ್ಲಿ ಬರುತ್ತಿದ್ದರೆ, ಇವಳು ಎದುರು ಹೋಗಿ ಕಿತ್ತುಕೊಂಡು ಐಸಿನ ಬಕೆಟ್ಟಿಗೆ ಚುಚ್ಚುತ್ತಿದ್ದಳು.

'ಹಿಡ್ಕೊಂಡು ಅಡ್ಡಾಡೋಕೆ ಅದೇನು ಟೀ ಲೋಟನಾ? ಮೊದಲು ಐಸು, ಆಮೇಲೆ ಮಾತು.'

ಹಾಗಾಗಿ ಐಸಕ್ಕ. ಆದರೂ ಪರೀಕ್ಷೆ, ಪದವಿ ಎಂದು ಗಡುವು ಕುತ್ತಿಗೆಗೆ ಬಂದಾಗ ಅವರೆಲ್ಲ ಅವಳ ಹತ್ತಿರವೇ ಬರುತ್ತಿದ್ದರು. ಅವಳ ಕೈಗುಣ ಒಳ್ಳೆಯದು, ಅವಳು ಮುಟ್ಟಿದ ಪ್ರಯೋಗ ಕೈಕೊಡುವುದಿಲ್ಲ ಎಂಬ ನಂಬಿಕೆ ಆ ಕಟ್ಟಡದಲ್ಲಿತ್ತು. ವಿಜ್ಞಾನದ ಕಟ್ಟಡದಲ್ಲಿ ಕೈಗುಣದ ಮಾತೇ ಎಂದು ಯಾರೂ ಕೇಳಲಿಲ್ಲ.

ಅವಳಿಗೆ ಈ ವಿದ್ಯೆ ಹತ್ತಿಸಿದವರು ದೊಡ್ಡ ಮೇಷ್ಟ್ರು. ಆ ಪ್ರಯೋಗಾಲಯ ಕಟ್ಟಿದ ಪ್ರೊಫೆಸರು. ಪಾಠಕ್ಕಿಂತ ಹರಟೆಯಲ್ಲಿ ಅವರದು ಎತ್ತಿದ ಕೈ. ಸೆಂಟ್ರಿಫ್ಯೂಜ್ ಯಂತ್ರ ಟ್ಯೂಬುಗಳನ್ನು ಗರಗರ ತಿರುಗಿಸಿ ನಿಲ್ಲುವ ತನಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಕಥೆ ಹೇಳುತ್ತಿದ್ದರು.

'ಕೈನೇಸ್ ಅಂದ್ರೆ ಹೆಸರಲ್ಲೇ ಕೈ ಇದೆ, ನೋಡಮ್ಮ. ಪ್ರೋಟೀನಿಗೆ ಒಂದು ಚಿಟಿಕೆ ಫಾಸ್ಫೇಟು ಅಂಟಿಸೋ ಕೈ. ಅಂಟಿಸಿದ ತಕ್ಷಣ ಮಲಗಿದ್ದ ಪ್ರೋಟೀನು ಎದ್ದು ಕೂರತ್ತೆ. ಹಾಗಂತ ಎದ್ದೇ ಇದ್ರೆ ಮನೆ ಉಳಿಯತ್ತಾ? ಅದಕ್ಕೆ ಇನ್ನೊಂದು ಕೈ ಇದೆ, ಕೀಳೋ ಕೈ. ಫಾಸ್ಫಟೇಸ್ ಅಂತ. ಅಂಟಿಸೋದು, ಕೀಳೋದು, ಅಂಟಿಸೋದು, ಕೀಳೋದು. ನಾವು ನಡೆಯೋದು, ನಗೋದು ಎಲ್ಲ ಇಷ್ಟೇ.'

'ಹಾಗಾದ್ರೆ ಐಸ್ ಯಾಕೆ ಸರ್?'

'ಜೀವಕೋಶ ಒಡೆದ ಮೇಲೆ ಅಂಟಿಸೋ ಕೈಗೆ ಸರಕು ಸಾಲಲ್ಲ, ಸುಸ್ತಾಗತ್ತೆ. ಕೀಳೋ ಕೈಗೆ ಸುಸ್ತೇ ಇಲ್ಲ. ಸ್ವಲ್ಪ ಬೆಚ್ಚಗಾದ್ರೆ ಸಾಕು, ಇದ್ದಬದ್ದ ಫಾಸ್ಫೇಟೆಲ್ಲ ಬಳಿದು ಹಾಕತ್ತೆ. ಆಮೇಲೆ ನೀನು ನೋಡಿ, ಇಲ್ಲಿ ಏನೂ ಇರಲೇ ಇಲ್ಲ ಅಂತೀಯ.'

ಹಾಲಿನ ಪ್ರೋಟೀನಿಗೂ ಮೊಟ್ಟೆಯ ಹಳದಿಗೂ ಫಾಸ್ಫೇಟು ಅಂಟಿಕೊಂಡಿದೆಯೆಂದು ನೂರು ವರ್ಷದ ಹಿಂದೆಯೇ ತಿಳಿದಿತ್ತಂತೆ. ಕರುವಿಗೂ ಮರಿಗೂ ತಾಯಿ ಕಟ್ಟಿಕೊಟ್ಟ ಬುತ್ತಿ ಎಂದುಕೊಂಡು ಎಲ್ಲರೂ ಸುಮ್ಮನಾದರು. ಅದು ಬುತ್ತಿಯಲ್ಲ, ಸ್ವಿಚ್ಚು ಎಂದು ತಿಳಿಯುವ ಹೊತ್ತಿಗೆ ಅರ್ಧ ಶತಮಾನ ಕಳೆಯಿತು. ತಿಳಿದದ್ದೂ ಕೊಳೆಯಿಂದ. ದೂರದೇಶದ ಇಬ್ಬರು ಗೆಳೆಯರು ಮೊಲದ ಸ್ನಾಯುವಿನಿಂದ ಒಂದು ಕಿಣ್ವ ತೆಗೆಯುತ್ತಿದ್ದರು. ಹಿಂದಿನವರು ಸ್ನಾಯುವಿನ ರಸವನ್ನು ಕಾಗದದಲ್ಲಿ ಸೋಸುತ್ತಿದ್ದರು; ಕಿಣ್ವ ಎಚ್ಚರವಾಗಿ ಸಿಗುತ್ತಿತ್ತು. ಇವರು ಅಚ್ಚುಕಟ್ಟಾಗಿ ಯಂತ್ರದಲ್ಲಿ ತಿರುಗಿಸಿದರು; ಕಿಣ್ವ ಗಾಢ ನಿದ್ದೆಯಲ್ಲಿತ್ತು. ಮತ್ತೆ ಕಾಗದಕ್ಕೆ ಬಂದರೆ ಮತ್ತೆ ಎಚ್ಚರ. ತಲೆ ಕೆರೆದುಕೊಂಡು ಹುಡುಕಿದರೆ, ಕಾಗದದಲ್ಲಿದ್ದ ಚೂರು ಕ್ಯಾಲ್ಸಿಯಂ ಕೈನೇಸನ್ನು ತಟ್ಟಿ ಎಬ್ಬಿಸಿತ್ತು, ಕೈನೇಸು ಹೋಗಿ ಕಿಣ್ವವನ್ನು ಎಬ್ಬಿಸಿತ್ತು. ತಲೆ ಪೂರ್ತಿ ನೆರೆತ ಮೇಲೆ ಅವರಿಬ್ಬರಿಗೂ ಜಗತ್ತಿನ ದೊಡ್ಡ ಬಹುಮಾನ ಬಂತು.

ಇನ್ನೊಬ್ಬರದು ಇನ್ನೂ ಚೆಂದ. ಫಾಸ್ಫೇಟು ಪ್ರೋಟೀನಿನ ಎರಡು ಬಗೆಯ ಕೊಂಡಿಗಳಿಗೆ ಮಾತ್ರ ಅಂಟುತ್ತದೆಂದು ಲೋಕವೆಲ್ಲ ನಂಬಿತ್ತು. ಆ ಮನುಷ್ಯ ಹೊಸ ದ್ರಾವಣ ಮಾಡಲು ಸೋಮಾರಿತನಪಟ್ಟು ಹಳೆಯದನ್ನೇ ಮತ್ತೆ ಮತ್ತೆ ಬಳಸಿದ. ಬಳಸಿ ಬಳಸಿ ದ್ರಾವಣದ ಹುಳಿ ಹೆಚ್ಚಾಯಿತು. ಹುಳಿ ಹೆಚ್ಚಾದದ್ದರಿಂದ, ಪರೀಕ್ಷೆಯ ತಟ್ಟೆಯಲ್ಲಿ ಒಂದರ ಮೇಲೊಂದು ಕೂತು ಒಂದೇ ಎಂದು ಕಾಣುತ್ತಿದ್ದ ಎರಡು ಚುಕ್ಕೆಗಳು ಬೇರೆಬೇರೆಯಾದವು. ಮೂರನೆಯ ಕೊಂಡಿ ಸಿಕ್ಕಿತು. ಕ್ಯಾನ್ಸರಿನ ಬೀಗದ ಕೈ ಬಹುತೇಕ ಅಲ್ಲೇ ಇತ್ತು.

ಈ ಕಥೆ ಕೇಳಿದ ಮೇಲೆ ಹುಡುಗರೆಲ್ಲ ಹಳೇ ದ್ರಾವಣ ಬಳಸಲು ಶುರುಮಾಡಿದರು. 'ಅವನ ಸೋಮಾರಿತನಕ್ಕೆ ಹೆಸರು ಬಂತು, ನಿಮ್ಮದು ಸಿಂಕಿಗೆ ಹೋಗುತ್ತೆ,' ಎಂದು ಐಸಕ್ಕ ಬಾಟಲಿಗಳನ್ನೆಲ್ಲ ಚೆಲ್ಲಿದಳು.

'ಚೆಲ್ಲು, ಚೆಲ್ಲು,' ಎಂದು ನಕ್ಕಿದ್ದರು ಮೇಷ್ಟ್ರು. 'ಆದ್ರೂ ಈ ವಿದ್ಯೆ ನಡೆದು ಬಂದಿರೋದೇ ತಪ್ಪುಗಳ ಮೇಲೆ ಕಾಲಿಟ್ಕೊಂಡು, ಮರೀಬೇಡ.'

ಅವಳು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ನಿವೃತ್ತರಾಗಿ, ತೀರಿಕೊಂಡು, ಅವರ ಶಿಷ್ಯೆಯೇ ಆ ಕುರ್ಚಿಗೆ ಬಂದರು. ಅವರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಮೇಡಂ ಪತ್ರಿಕೆ ಹಿಡಿದುಕೊಂಡು ಕೋಲ್ಡ್ ರೂಮಿಗೆ ಸ್ವೆಟರ್ ಇಲ್ಲದೆ ನುಗ್ಗಿದರು.

'ಐಸಕ್ಕ, ಬಂತು ರೀ. ಕೈನೇಸ್ ನಿಲ್ಲಿಸೋ ಮಾತ್ರೆ ಬಂತು.'

ಒಂದು ಬಗೆಯ ರಕ್ತದ ಕ್ಯಾನ್ಸರ್. ಅದರಲ್ಲಿ ಒಂದೇ ಒಂದು ಕೈನೇಸಿಗೆ ಹುಚ್ಚು ಹಿಡಿದು, ಕೈ ನಿಲ್ಲಿಸದೆ ಫಾಸ್ಫೇಟು ಅಂಟಿಸುತ್ತ ಕೂರುತ್ತದೆ. ಬಿಳಿಯ ರಕ್ತಕಣಗಳು ಲಂಗುಲಗಾಮಿಲ್ಲದೆ ಬೆಳೆಯುತ್ತವೆ. ಆ ಕೈನೇಸಿನ ಮೈಯಲ್ಲಿ ಒಂದು ಪುಟ್ಟ ಜೇಬು ಇದೆ. ಅಂಟಿಸಲು ಬೇಕಾದ ಸರಕನ್ನು ಅದು ತುಂಬಿಕೊಳ್ಳುವುದೇ ಅಲ್ಲಿ. ಮಾತ್ರೆ ಹೋಗಿ ಆ ಜೇಬಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟರೆ ಸರಕಿಗೆ ಜಾಗವಿಲ್ಲ, ಕೈನೇಸು ಬರಿಗೈ.

ಐಸಕ್ಕ ಅಂದು ಸಂಜೆ ಇದನ್ನು ಗಂಡನಿಗೆ ಹೇಳಿದಳು. ಅವನು ಟೈಲರ್. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಉದ್ದನೆಯ ಗೂಡಿನಂಥ ಅಂಗಡಿ, ಎರಡು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ ಅರ್ಧ ಕೋಟುಗಳು. ಹೆಂಡತಿಯ ಕೆಲಸದ ವಿಷಯ ಅವನಿಗೆ ಅರ್ಥವಾದದ್ದು ಅದೇ ಮೊದಲು.

'ಜೇಬು ಅಂದ್ಯಾ? ಜೇಬಿನ ಅಳತೆ ಗೊತ್ತಿದ್ದವನು ಮನುಷ್ಯನನ್ನ ಬಲ್ಲ. ಇದು ಯಾರೋ ಟೈಲರ್ ಮಗನೇ ಕಂಡುಹಿಡಿದಿರಬೇಕು ಬಿಡು.'

ಕೆಲವು ವರ್ಷ ಕಳೆದು, ಅವನು ತನ್ನ ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಿಕೊಂಡ. ಮತ್ತೊಮ್ಮೆ ಸಡಿಲ ಮಾಡಿದ. ಮುಖ ಮಾತ್ರ ಸೊರಗುತ್ತಿತ್ತು. ಹೊಟ್ಟೆ ಎಡಗಡೆಗಷ್ಟೇ ಬರುತ್ತಿದೆ ಎಂದು ಅವನೇ ಟೇಪು ಹಿಡಿದು ಕಂಡುಕೊಂಡ. 'ಮೂವತ್ತು ವರ್ಷ ಊರಿನ ಸೊಂಟ ಅಳೆದಿದೀನಿ, ಒಂದು ಮಗ್ಗುಲಿಗೆ ದಪ್ಪ ಆಗೋ ಗಿರಾಕಿನ ನೋಡಿಲ್ಲ,' ಎಂದ. ಆಸ್ಪತ್ರೆಯಲ್ಲಿ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರ್, ಗುಲ್ಮ ಊದಿದೆ ಎಂದರು. ರಕ್ತ ಪರೀಕ್ಷೆಯಾಯಿತು. ಅದೇ ಕಾಯಿಲೆ. ಅದೇ ಕೈನೇಸು.

ಐಸಕ್ಕ ಅಳಲಿಲ್ಲ. ಅಳುವುದಕ್ಕಿಂತ ಮೊದಲು ಅವಳಿಗೆ ಬಂದದ್ದು, ಹೇಳಿದರೆ ಜನ ತಪ್ಪು ತಿಳಿದಾರು, ಒಂದು ಬಗೆಯ ಧೈರ್ಯ. ಪರವೂರಿನಲ್ಲಿ ಕಳ್ಳನ ಕೈಗೆ ಸಿಕ್ಕಿ, ಅವನು ತನ್ನ ಶಾಲೆಯ ಸಹಪಾಠಿ ಎಂದು ಗುರುತು ಹತ್ತಿದಂತೆ. ಅತ್ತೆಗೂ ಹಾಗೇ ಅನಿಸಿರಬೇಕು. ಮಗನ ಕಾಯಿಲೆಯ ವಿವರವನ್ನೆಲ್ಲ ಕೇಳಿಸಿಕೊಂಡು ಆ ಮುದುಕಿ ಹೇಳಿತು:

'ನೀನು ಇಷ್ಟು ವರ್ಷ ಅದರ ಜೊತೇಲೇ ಇದ್ದೀಯಲ್ಲಮ್ಮ. ನಿನ್ನ ಗುರುತು ಇರುತ್ತೆ ಅದಕ್ಕೆ. ಒಂದು ಮಾತು ಹೇಳಿ ನಿಲ್ಲಿಸು.'

'ಹೇಳ್ತೀನಿ ಅತ್ತೆ,' ಎಂದಳು ಐಸಕ್ಕ.

ಮಾತ್ರೆ ಹೇಳಿತು, ಕೈನೇಸು ಕೇಳಿತು. ಬಿಳಿ ಕಣಗಳು ಇಳಿದವು. ಹೊಟ್ಟೆಯ ಎಡಮಗ್ಗುಲು ಬಲಮಗ್ಗುಲಿನ ಸಮಕ್ಕೆ ಬಂತು. ಟೈಲರ್ ಸೊಂಟವನ್ನು ಮತ್ತೆ ಬಿಗಿದು ಹೊಲಿದುಕೊಂಡ. ಬೆಳಗಿನ ತಿಂಡಿಯ ಮೇಲೆ ಒಂದು ಮಾತ್ರೆ, ದೊಡ್ಡ ಲೋಟದ ತುಂಬ ನೀರು. ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುತ್ತಿತ್ತು, ಯಂತ್ರ ತುಳಿಯುವಾಗ ಮೀನಖಂಡ ಹಿಡಿದುಕೊಳ್ಳುತ್ತಿತ್ತು. 'ಕಾಲು ಹಿಡಿದ್ರೇನಂತೆ, ಜೀವ ಬಿಟ್ಟಿಲ್ಲವಲ್ಲ,' ಎನ್ನುತ್ತಿದ್ದ. ಹಾಗೆ ವರ್ಷಗಳು ಹೋದವು. ಲೋಟ ತೊಳೆಯುವಾಗ ಐಸಕ್ಕನಿಗೆ ಕೆಲವೊಮ್ಮೆ ಅನಿಸುತ್ತಿತ್ತು: ಆ ಮಾತ್ರೆಯ ಹಿಂದೆ ಎಲ್ಲೆಲ್ಲಿಯೋ ಎಷ್ಟೆಷ್ಟೋ ಕೋಲ್ಡ್ ರೂಮುಗಳಿವೆ, ಅವುಗಳಲ್ಲಿ ನಿಂತು ಕೈ ಮರಗಟ್ಟಿಸಿಕೊಂಡವರಿದ್ದಾರೆ, ನಾನೂ ಆ ಸಾಲಿನ ಒಂದು ತುದಿಯಲ್ಲಿ ನಿಂತಿದ್ದೇನೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡ, 'ಹಾಗಾದ್ರೆ ನನ್ನ ಜೇಬಿಗೆ ನೀನೇ ಕೈ ಹಾಕಿದ್ದು ಅನ್ನು,' ಎನ್ನುವುದು ಖಾತ್ರಿಯಿತ್ತು.

ಆಮೇಲೆ ಒಂದು ಸಲ ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳ ಎಣಿಕೆ ಏರಿತು. ಮುಂದಿನ ಸಲ ಇನ್ನೂ ಏರಿತು.

ಡಾಕ್ಟರ್ ಕನ್ನಡಕ ತೆಗೆದು ಒರೆಸಿದರು. 'ಎರಡೇ ಕಾರಣ ಇರೋಕೆ ಸಾಧ್ಯ. ಒಂದು, ಇವರು ಮಾತ್ರೆ ತಪ್ಪಿಸ್ತಿರಬೇಕು. ತುಂಬ ಜನ ತಪ್ಪಿಸ್ತಾರೆ, ಚೆನ್ನಾಗಿದೀನಲ್ಲ ಅಂತ. ಇಲ್ಲ, ಕೈನೇಸ್ ಬದಲಾಗಿರಬೇಕು. ಬದಲಾಗಿದ್ರೆ ಮಾತ್ರೆ ಹಿಡಿಯಲ್ಲ.'

'ಯಾವುದು ಅಂತ ಹೇಗೆ ಗೊತ್ತಾಗುತ್ತೆ?'

'ಜೀನ್ ಪರೀಕ್ಷೆಗೆ ಕಳಿಸ್ತೀನಿ. ಇಲ್ಲಿ ಮಾಡಲ್ಲ, ಹೊರಗೆ ಹೋಗಬೇಕು. ತಡ ಆಗುತ್ತೆ.'

ಟೈಲರ್ ತಲೆ ಅಲ್ಲಾಡಿಸಿದ. 'ನಾನು ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ.'

ಗಂಡ ಸುಳ್ಳುಗಾರನಾಗಿರಲಿ ಎಂದು ಹಾರೈಸಿದ ಹೆಂಡತಿ ಲೋಕದಲ್ಲಿ ಎಷ್ಟು ಮಂದಿಯೋ ತಿಳಿಯದು. ಐಸಕ್ಕ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಮನಸ್ಸಿನಲ್ಲೇ ಕೈಮುಗಿದು ಅದನ್ನೇ ಬೇಡಿಕೊಂಡಳು. ಸುಳ್ಳನ್ನು ಬಿಡಿಸಬಹುದು. ಹಟವನ್ನು ಬಿಡಿಸಬಹುದು. ಬದಲಾದ ಕೈನೇಸಿನ ಮುಂದೆ ಮಾತ್ರ ಎಲ್ಲವೂ ಕೈಮೀರಿದ್ದು.

ಅವಳು ಸಾಕ್ಷ್ಯ ಹುಡುಕಿದಳು. ಅವನ ಅಂಗಿ ಜೇಬು, ಕಿಟಕಿಯ ಹೂವಿನ ಕುಂಡ, ಹಾಸಿಗೆಯ ಅಡಿ. ಅಂಗಡಿಗೆ ಹೋಗಿ, ಬಟ್ಟೆಯ ಚೂರು ತುಂಬಿದ ಚೀಲವನ್ನು ನೆಲಕ್ಕೆ ಸುರಿದು ತಡಕಿದಳು. ಗುಂಡಿ ಸಿಕ್ಕವು, ಹುಕ್ಕು ಸಿಕ್ಕವು, ಎಂದೋ ಕಳೆದುಹೋಗಿದ್ದ ಅವಳದೇ ಒಂದು ಕಿವಿಯೋಲೆ ಸಿಕ್ಕಿತು. ಮಾತ್ರೆ ಸಿಗಲಿಲ್ಲ.

'ಏನು ಹುಡುಕ್ತಿದೀಯೇ?'

'ಏನಿಲ್ಲ.'

'ಏನಿಲ್ಲ ಅಂತ ಇಡೀ ಅಂಗಡಿ ಬಿಚ್ಚಿದ್ಯಲ್ಲ. ಹೊಲಿದು ಕೊಡು ಈಗ.'

ಅವಳು ಮೇಡಂ ಹತ್ತಿರ ಹೋದಳು. ಒಂದೇ ಒಂದು ಪ್ರಯೋಗ. ಅವನ ರಕ್ತದ ಕಣಗಳನ್ನು ಎರಡು ಟ್ಯೂಬಿಗೆ ಹಾಕುವುದು. ಒಂದಕ್ಕೆ ಮಾತ್ರೆ ಕರಗಿಸಿ ಹಾಕುವುದು, ಇನ್ನೊಂದಕ್ಕೆ ಬರೀ ನೀರು. ಆಮೇಲೆ ಕಣಗಳನ್ನು ಒಡೆದು, ಪ್ರೋಟೀನಿಗೆ ಫಾಸ್ಫೇಟು ಅಂಟಿದೆಯೇ ಎಂದು ಫಿಲ್ಮಿನ ಮೇಲೆ ನೋಡುವುದು. ಅಂಟಿದ್ದರೆ ಕಪ್ಪು ಪಟ್ಟಿ ಮೂಡುತ್ತದೆ. ಮಾತ್ರೆ ಹಾಕಿದ ಕಡೆ ಪಟ್ಟಿ ಇಲ್ಲದಿದ್ದರೆ ಜೇಬು ಸರಿಯಿದೆ, ಮಾತ್ರೆ ಹಿಡಿಯುತ್ತಿದೆ, ಗಂಡ ಕಳ್ಳ.

'ಇದು ನಿಯಮದಲ್ಲಿ ಬರಲ್ಲ ಐಸಕ್ಕ,' ಎಂದರು ಮೇಡಂ. ಆಮೇಲೆ ಅವಳ ಮುಖ ನೋಡಿ, 'ಭಾನುವಾರ ಮಾಡಿ. ನನಗೆ ಗೊತ್ತಿಲ್ಲ,' ಎಂದರು.

ಆಸ್ಪತ್ರೆಯ ನರ್ಸ್ ಒಂದು ಟ್ಯೂಬು ರಕ್ತ ಹೆಚ್ಚಿಗೆ ಎಳೆದುಕೊಟ್ಟಳು. ಭಾನುವಾರ ಮಧ್ಯಾಹ್ನ ಕಟ್ಟಡ ಭಣಗುಟ್ಟುತ್ತಿತ್ತು. ಮನೆಯ ಡಬ್ಬಿಯಿಂದಲೇ ತಂದಿದ್ದ ಮಾತ್ರೆಯನ್ನು ಐಸಕ್ಕ ಪುಡಿ ಮಾಡಿ ಕರಗಿಸಿದಳು. ಕಣಗಳು ಅದನ್ನು ಕುಡಿಯಲು ಬಿಟ್ಟಳು. ಎರಡೂ ಟ್ಯೂಬಿನ ಕಣಗಳನ್ನು ಒಡೆದಳು. ಇನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು ಎಂದು ಹೋದರೆ, ಯಾರೋ ಹುಡುಗಿ ಭಾನುವಾರವೂ ಬಂದು ತನ್ನದನ್ನು ಹಾಕಿ ಹೋಗಿದ್ದಳು. ಯಂತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಐಸಕ್ಕ ಮೇಷ್ಟ್ರ ಹಳೆಯ ಸ್ಟೂಲಿನ ಮೇಲೆ ಕೂತು ಕಾದಳು. ಬರೀ ನೀರು ಹಾಕಿದ ಟ್ಯೂಬು ಐಸಿನ ಬಕೆಟ್ಟಿನಲ್ಲಿತ್ತು. ಮಾತ್ರೆಯ ಟ್ಯೂಬನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು, ಮುಷ್ಟಿಯೊಳಗೆ ಹಿಡಿದಳು. ಒಳಗಿದ್ದದ್ದು ತನ್ನ ಕೈಹಿಡಿದವನ ರಕ್ತ.

'ಅಂಟಿಸಬೇಡ ಕಣಪ್ಪ,' ಎಂದಳು ಮೆಲ್ಲಗೆ. ಅತ್ತೆ ಹೇಳಿಕಳಿಸಿದ್ದ ಮಾತನ್ನು ಕೊನೆಗೂ ಮುಟ್ಟಿಸಿದ ಹಾಗಾಯಿತು.

ಯಂತ್ರ ನಿಂತಿತು. ಅವಳು ತನ್ನೆರಡನ್ನು ಹಾಕಿದಳು. ಮುಂದಿನದೆಲ್ಲ ಕೈಗೆ ರೂಢಿಯಾದ ಕೆಲಸ.

ಮರುದಿನ ಕತ್ತಲೆ ಕೋಣೆಯಿಂದ ಒದ್ದೆ ಫಿಲ್ಮನ್ನು ಹೊರತಂದು ಬೆಳಕಿಗೆ ಹಿಡಿದಳು. ನೀರಿನ ಟ್ಯೂಬಿನ ಕಡೆ ಕಾಡಿಗೆಯಂಥ ಪಟ್ಟಿ. ಮಾತ್ರೆಯ ಕಡೆ ಏನೂ ಇಲ್ಲ. ಒರೆಸಿಟ್ಟಂತೆ ಬಿಳಿ.

ಐಸಕ್ಕ ರಜೆ ಬರೆಯದೆ ಬಸ್ಸು ಹತ್ತಿ ಅಂಗಡಿಗೆ ಬಂದಳು. ಟೈಲರ್ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮೇಜಿನ ಮೇಲೆ ಬಟ್ಟೆ ಹರಡಿದ್ದ.

'ಸುಳ್ಳುಗಾರ,' ಎಂದಳು ಬಾಗಿಲಲ್ಲೇ ನಿಂತು.

ಅವನು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿನ ಮೆತ್ತೆಗೆ ಚುಚ್ಚಿದ. 'ಯಾವ ಸುಳ್ಳು? ಬುಧವಾರ ಕೊಡ್ತೀನಿ ಅಂದಿದ್ದ ಕೋಟಿನದಾ?'

'ಮಾತ್ರೆದು. ಟ್ಯೂಬಲ್ಲಿ ಹಾಕಿ ನೋಡಿದೆ ರೀ. ಕೆಲಸ ಮಾಡ್ತಿದೆ. ಜೇಬು ಸರಿಯಾಗಿದೆ, ಮಾತ್ರೆ ಸರಿಯಾಗಿದೆ. ಸರಿ ಇಲ್ಲದೇ ಇರೋದು ನೀವೊಬ್ಬರೇ. ತಪ್ಪಿಸ್ತಿದೀರಿ ನೀವು.'

ಅವಳು ನಗುತ್ತಿದ್ದಳು. ಓಡಿ ಬಂದಿದ್ದಕ್ಕೆ ಉಸಿರು ಏರಿತ್ತು, ಕಣ್ಣಲ್ಲಿ ನೀರಿತ್ತು. ಅವನು ಅವಳನ್ನೇ ನೋಡಿದ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

'ಹೌದು,' ಎಂದ.

'ಎಷ್ಟು ದಿನದಿಂದ?'

'ಆವಾಗಾವಾಗ.'

'ಯಾಕೆ?'

'ಕಣ್ಣು ಊದ್ಕೊಳ್ಳತ್ತಲ್ಲ. ಸೂಜಿಗೆ ದಾರ ಪೋಣಿಸೋಕೆ ಆಗಲ್ಲ.'

'ಎಲ್ಲಿ ಬಿಸಾಡ್ತಿದ್ರಿ?'

ಅವನು ಅಂಗಡಿಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿ, 'ಚರಂಡಿಗೆ,' ಎಂದ.

ಐಸಕ್ಕ ಅಳತೆಯ ಟೇಪು ಎಳೆದುಕೊಂಡು ಅವನ ಭುಜಕ್ಕೆ ಬಾರಿಸಿದಳು. ಮತ್ತೆ ಬಾರಿಸಿದಳು. ಆಮೇಲೆ ಹರಡಿದ್ದ ಕೋಟಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಿರಾಕಿಯ ಬಟ್ಟೆ ಕಣೇ ಎಂದು ಅವನು ಹೇಳಲಿಲ್ಲ.

ಅಂದಿನಿಂದ ಬೆಳಗಿನ ತಿಂಡಿ ಆದ ಮೇಲೆ ಒಂದು ಹೊಸ ಪದ್ಧತಿ ಶುರುವಾಯಿತು. ಅವನು ಮಾತ್ರೆ ನುಂಗಿ, ನೀರು ಕುಡಿದು, ಬಾಯಿ ತೆರೆಯಬೇಕು. ಅವಳು ಎಡಗೆನ್ನೆ, ಬಲಗೆನ್ನೆ, ನಾಲಿಗೆಯ ಅಡಿ ಎಲ್ಲ ನೋಡಬೇಕು.

'ಆ ಅನ್ನಿ. ನಾಲಿಗೆ ಮೇಲೆ ಎತ್ತಿ.'

'ಹಲ್ಲಿನ ಡಾಕ್ಟರಿಗೆ ಕೊಡಬೇಕಾಗಿದ್ದ ಹೆಣ್ಣನ್ನ ನಾನು ತಂದೆ,' ಎನ್ನುತ್ತಿದ್ದ ಅವನು, ಬಾಯಿ ತೆರೆದುಕೊಂಡೇ.

'ನಾನೂ ಹೀಗೇ ಬಾಯಿ ತೆಗೆಸಿ ನೋಡ್ತಿದ್ದೆ, ಸೀಮೆಸುಣ್ಣ ತಿಂದಿದಾನಾ ಅಂತ,' ಎಂದರು ಅತ್ತೆ. 'ಆಗಲೂ ತಿಂದಿಲ್ಲ ಅಂತಾನೇ ಹೇಳ್ತಿದ್ದ.'

ಆ ದಿನಗಳಲ್ಲಿ ಐಸಕ್ಕ ಹಗುರವಾಗಿದ್ದಳು. ಮನೆಯಲ್ಲಿ ಒಬ್ಬ ಕಳ್ಳನಿದ್ದ, ಕಾವಲಿಗೆ ಅವಳಿದ್ದಳು, ಲೋಕ ಸರಿಯಾಗಿತ್ತು. ಕಾರಿಡಾರಿನಲ್ಲಿ ಹುಡುಗರ ಕೈಯಿಂದ ಟ್ಯೂಬು ಕಸಿದುಕೊಳ್ಳುವಾಗಲೂ ಬೈಗುಳದಲ್ಲಿ ಹಾಡಿನ ಲಯವಿತ್ತು.

ಮುಂದಿನ ಎಣಿಕೆ ಬಂತು. ಇಳಿದಿರಲಿಲ್ಲ. ಏರಿತ್ತು, ಮೊದಲಿಗಿಂತ ಜೋರಾಗಿ.

'ಪ್ರಯೋಗ ಇನ್ನೊಂದು ಸಲ ಮಾಡಿ,' ಎಂದರು ಮೇಡಂ. ಅವರ ದನಿ ಮೆತ್ತಗಿತ್ತು. ಆ ಕಟ್ಟಡದಲ್ಲಿ ಒಂದು ಸಲ ಬಂದದ್ದನ್ನು ಯಾರೂ ಫಲಿತಾಂಶ ಎನ್ನುತ್ತಿರಲಿಲ್ಲ, ಹಾಗೆನ್ನಬಾರದೆಂದು ಎಲ್ಲ ಹೊಸಬರಿಗೂ ಕಲಿಸಿದವಳು ಐಸಕ್ಕನೇ. ತನ್ನ ಮನೆಯ ವಿಷಯಕ್ಕೆ ಬಂದಾಗ ಒಂದೇ ಸಲ ಸಾಕೆನಿಸಿತ್ತು. ಬೇಕಾದ ಉತ್ತರ ಸಿಕ್ಕ ಮೇಲೆ ಮತ್ತೆ ಪ್ರಶ್ನೆ ಕೇಳುವವರು ಯಾರು?

ಮತ್ತೆ ರಕ್ತ, ಮತ್ತೆ ಎರಡು ಟ್ಯೂಬು. ಈ ಸಲ ಮೇಡಂ ಪಕ್ಕದಲ್ಲೇ ನಿಂತಿದ್ದರು. ಕಣಗಳನ್ನು ಒಡೆದ ತಕ್ಷಣ ಎರಡೂ ಟ್ಯೂಬುಗಳು ಐಸಿಗೆ ಹೋದವು, ಐಸಿನಿಂದ ಯಂತ್ರಕ್ಕೆ, ಯಂತ್ರದಿಂದ ಐಸಿಗೆ.

ಫಿಲ್ಮಿನ ಮೇಲೆ ಎರಡು ಪಟ್ಟಿ ಮೂಡಿದವು. ಎರಡೂ ಕಪ್ಪು. ಮಾತ್ರೆಯದು ಯಾವುದು, ನೀರಿನದು ಯಾವುದು ಎಂದು ಗುರುತು ಓದದೆ ತಿಳಿಯುತ್ತಿರಲಿಲ್ಲ. ಅವಳು ಹಳೆಯ ಫಿಲ್ಮನ್ನು ತಂದು ಪಕ್ಕದಲ್ಲಿಟ್ಟಳು. ಒಂದೇ ಮನುಷ್ಯನ ರಕ್ತ, ಒಂದೇ ಡಬ್ಬಿಯ ಮಾತ್ರೆ.

'ಮೊದಲನೇ ಸಲ ಬೇರೆ ಏನಾದ್ರೂ ಮಾಡಿದ್ರಾ?' ಎಂದು ಕೇಳಿದರು ಮೇಡಂ.

ಐಸಕ್ಕ ತನ್ನ ಬಲಗೈ ನೋಡಿಕೊಂಡಳು. ಬೆರಳು ಮಡಿಚಿದಳು, ಬಿಚ್ಚಿದಳು.

'ಕೈಯಲ್ಲಿ ಹಿಡ್ಕೊಂಡಿದ್ದೆ,' ಎಂದಳು. 'ಮಾತ್ರೆದು. ಯಂತ್ರ ಖಾಲಿ ಆಗೋವರೆಗೆ.'

ಮೇಡಂ ಹಳೆಯ ಫಿಲ್ಮನ್ನು ಮಗುಚಿ ಇಟ್ಟರು. ಕೀಳುವ ಕೈ ತಡೆಯಲು ಹಾಕುವ ದ್ರಾವಣವೂ ಆ ಭಾನುವಾರ ಹಳೆಯದಾಗಿತ್ತೆಂದು ಐಸಕ್ಕನಿಗೆ ಈಗ ನೆನಪಾಯಿತು. ಹೊಸದನ್ನು ಮಾಡುವಷ್ಟು ತಾಳ್ಮೆ ಇರಲಿಲ್ಲ. ಮಾತ್ರೆ ಏನನ್ನೂ ತಡೆದಿರಲಿಲ್ಲ. ಅವಳ ಮುಷ್ಟಿಯ ಬಿಸಿಗೆ ಕೀಳುವ ಕಿಣ್ವಗಳು ಎದ್ದು, ಇದ್ದ ಫಾಸ್ಫೇಟನ್ನೆಲ್ಲ ಬಳಿದು ಹಾಕಿದ್ದವು. ಜೀವಮಾನವಿಡೀ ತಣ್ಣಗಿದ್ದ ಕೈ ಆ ಒಂದು ಮಧ್ಯಾಹ್ನ ಬೆಚ್ಚಗಾಗಿತ್ತು. ತಪ್ಪುಗಳ ಮೇಲೆ ಕಾಲಿಟ್ಟುಕೊಂಡು ನಡೆದುಬಂದ ವಿದ್ಯೆ, ಸರಿ. ಯಾರದೋ ಕೊಳೆ ಕಾಗದದಿಂದ ಸ್ವಿಚ್ಚು ಸಿಕ್ಕಿತು, ಯಾರದೋ ಹಳೇ ದ್ರಾವಣದಿಂದ ಮೂರನೆಯ ಕೊಂಡಿ ಸಿಕ್ಕಿತು. ಇವಳ ತಪ್ಪಿನಿಂದ ಏನೂ ಸಿಗಲಿಲ್ಲ.

ಹೊರಗೆ ಹೋಗಿದ್ದ ಜೀನ್ ಪರೀಕ್ಷೆಯ ಉತ್ತರ ಅದೇ ವಾರ ಬಂತು. ಡಾಕ್ಟರ್ ಅವಳನ್ನು ಕೂರಿಸಿ ಹೇಳಿದರು. ಅಷ್ಟುದ್ದದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ಜೇಬಿನ ಬಾಯಲ್ಲಿ ಒಂದು ಸಣ್ಣ ಉಬ್ಬು ಬಂದಿದೆ. ಈ ಮಾತ್ರೆ ಒಳಗೆ ಹೋಗುವುದಿಲ್ಲ. ಇದರ ತಮ್ಮಂದಿರಂತೆ ಆಮೇಲೆ ಬಂದ ಮಾತ್ರೆಗಳೂ ಆ ಉಬ್ಬನ್ನು ದಾಟುವುದಿಲ್ಲ. ದಾಟುವಂಥದ್ದು ಒಂದನ್ನು ಎಲ್ಲೋ ಪರೀಕ್ಷಿಸುತ್ತಿದ್ದಾರೆ, ಅಂಗಡಿಗೆ ಬರಲು ವರ್ಷಗಳಾಗಬಹುದು.

'ಅಲ್ಲಿಯವರೆಗೆ?'

'ಎಣಿಕೆ ತಗ್ಗಿಸೋಕೆ ಬೇರೆ ಏನಾದ್ರೂ ಕೊಡ್ತೀನಿ. ಇದನ್ನೂ ಸದ್ಯಕ್ಕೆ ನಿಲ್ಲಿಸೋದು ಬೇಡ.' ಡಾಕ್ಟರ್ ಕೈಚೆಲ್ಲಿದರು ಎನ್ನುವಂತಿಲ್ಲ. ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದರು, ಅಷ್ಟೆ.

ಅವಳು ಅಂಗಡಿಗೆ ಹೋದಾಗ ಟೈಲರ್ ಒಂದು ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದ. ಯಂತ್ರ ನಿಲ್ಲಿಸಿದ.

'ಏನಂತೆ?'

'ಜೇಬಿನ ಬಾಯಲ್ಲಿ ಗಂಟು ಬಂದಿದೆ. ಮಾತ್ರೆ ಒಳಗೆ ಹೋಗ್ತಿಲ್ಲ.'

'ಬಿಚ್ಚಿ ಹೊಲಿಯೋಕೆ ಆಗಲ್ವಾ?'

'ಆಗಲ್ಲ.'

ಅವನು ಅರ್ಧ ಹೊಲಿದ ಜೇಬಿನೊಳಗೆ ಎರಡು ಬೆರಳು ತೂರಿಸಿ, ಹೊರಗೆ ತೆಗೆದ. ಆಮೇಲೆ ದಾರ ಕತ್ತರಿಸಿದ.

'ಅಂದ್ರೆ ನೀವು ಒಂದು ದಿನಾನೂ ತಪ್ಪಿಸಿರಲಿಲ್ಲ,' ಎಂದಳು ಐಸಕ್ಕ.

'ಇಲ್ಲ.'

'ಮತ್ತೆ ಚರಂಡಿಗೆ ಹಾಕ್ದೆ ಅಂದ್ರಲ್ಲ.'

'ಏನ್ಮಾಡಲಿ. ನೀನು ಎಲ್ಲಿ ಅಂತ ಬೇರೆ ಕೇಳಿಬಿಟ್ಟೆ.'

'ಯಾಕ್ರೀ ಹಾಗೆ ಹೇಳಿದ್ರಿ?'

ಅವನು ಯಂತ್ರದ ಚಕ್ರಕ್ಕೆ ಕೈಯಿಟ್ಟು ಸುಮ್ಮನೆ ಹಿಂದೆ ಮುಂದೆ ಆಡಿಸಿದ. ಸೂಜಿ ಬಟ್ಟೆಯಿಲ್ಲದ ಜಾಗದಲ್ಲಿ ಇಳಿಯಿತು, ಏರಿತು.

'ನಗ್ತಾ ಬಂದೆಯಲ್ಲ ಅವತ್ತು. ಆ ಬಾಗಿಲಲ್ಲಿ. ಎಷ್ಟು ದಿನ ಆಗಿತ್ತು ನೀನು ನಕ್ಕು. ಇಲ್ಲ ಅಂದಿದ್ರೆ ಅಲ್ಲೇ ನಿಂತುಹೋಗ್ತಿತ್ತು.'

ಐಸಕ್ಕ ಅವನ ಪಕ್ಕದ ಯಂತ್ರದ ಸ್ಟೂಲಿನ ಮೇಲೆ ಕೂತಳು. ಗಿರಾಕಿ ಬಂದು ಕೋಟು ಕೇಳಿದ. ಬುಧವಾರ ಬನ್ನಿ ಎಂದು ಕಳಿಸಿದರು.

ಮರುದಿನ ಬೆಳಿಗ್ಗೆ ತಿಂಡಿಯಾಯಿತು. ಅವನು ಡಬ್ಬಿಯಿಂದ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡ, ದೊಡ್ಡ ಲೋಟದ ನೀರು ಪೂರ್ತಿ ಕುಡಿದ. ಐಸಕ್ಕ ಕೆಲಸಕ್ಕೆ ಹೊರಡಲು ಸ್ವೆಟರ್ ಹುಡುಕುತ್ತಿದ್ದಳು. ತಿರುಗಿ ನೋಡಿದರೆ ಅವನು ಬಾಯಿ ತೆರೆದುಕೊಂಡು ಕಾಯುತ್ತ ಕೂತಿದ್ದ.

ಅವಳು ಬಂದು ಬಗ್ಗಿದಳು. ಎಡಗೆನ್ನೆ ನೋಡಿದಳು, ಬಲಗೆನ್ನೆ ನೋಡಿದಳು. ನಾಲಿಗೆ ಎತ್ತಿ ಎಂದಳು. ಅವನು ಎತ್ತಿದ. ಅಲ್ಲೂ ನೋಡಿದಳು.

'ನುಂಗಿದೀರಿ,' ಎಂದಳು.

ಒಳಗಿನ ಕೋಣೆಯಿಂದ ಅತ್ತೆಯ ದನಿ ನೆಮ್ಮದಿಯಾಗಿ ಬಂತು. 'ಈಗ ಸರಿಯಾಗಿ ತಗೊಳ್ತಿದಾನಲ್ಲಮ್ಮ. ಇನ್ನು ಗುಣ ಆಗುತ್ತೆ ಬಿಡು.'

'ಹೂಂ ಅತ್ತೆ,' ಎಂದಳು ಐಸಕ್ಕ, ಲೋಟ ತೆಗೆದುಕೊಂಡು.